ಯುದ್ಧ, ಧ್ವಜ, ಮೈದಾನ: ಯುರೋಪಿನ ಕ್ರೀಡಾ ನಿಷೇಧಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೇಶವೊಂದು ಯುದ್ಧಕ್ಕಿಳಿದರೆ ಅದರ ಆಟಗಾರರನ್ನು ಮೈದಾನದಿಂದ ಹೊರಗಿಡುವುದು ನ್ಯಾಯವೇ? 2022ರಿಂದ ಈಚೆಗೆ ಯುರೋಪಿನ ಕ್ರೀಡಾಲೋಕ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತಿದೆ. ಗೆಳೆಯರು, ವಿದ್ಯಾರ್ಥಿಗಳು, ಪತ್ರ ಬರೆಯುವ ಓದುಗರು ಇದರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ನನಗೊಂದು ನಿಲುವಿದೆ, ಅದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ.

## ಮೊದಲು ತಿಳಿಯಬೇಕಾದವು

ರಷ್ಯಾವನ್ನು ಆಟದಿಂದ ಹೊರಗಿಟ್ಟದ್ದು ಯಾರು? ಸರ್ಕಾರಗಳೋ, ಕ್ರೀಡಾ ಸಂಸ್ಥೆಗಳೋ?

ಆದೇಶ ಹೊರಡಿಸಿದ್ದು ಕ್ರೀಡಾ ಸಂಸ್ಥೆಗಳು. ಆದರೆ ಅವುಗಳನ್ನು ಆ ನಿರ್ಧಾರಕ್ಕೆ ತಳ್ಳಿದವರಲ್ಲಿ ಆಟಗಾರರೇ ಮುಂದಿದ್ದರು.

2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಮರುದಿನವೇ ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್‌ಎ ಆ ವರ್ಷದ ಚಾಂಪಿಯನ್ಸ್ ಲೀಗ್ ಫೈನಲ್ ಪಂದ್ಯವನ್ನು ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪ್ಯಾರಿಸ್ಸಿನ ಪಕ್ಕದ ಸೇಂಟ್ ಡೆನಿಸ್‌ಗೆ ವರ್ಗಾಯಿಸಿತು. ಇನ್ನು ವಿಶ್ವಕಪ್ ಅರ್ಹತಾ ಪಂದ್ಯದ ಪ್ರಶ್ನೆಯಿತ್ತು. ಮಾರ್ಚ್ 24ರಂದು ಮಾಸ್ಕೋದಲ್ಲಿ ರಷ್ಯಾದ ಎದುರು ಪೋಲೆಂಡ್ ಆಡಬೇಕಿತ್ತು. ಫಿಫಾ ಮೊದಲು ನಡುದಾರಿ ಹುಡುಕಿತು: ಧ್ವಜ ಬೇಡ, ರಾಷ್ಟ್ರಗೀತೆ ಬೇಡ, ಪಂದ್ಯ ಬೇರೆ ದೇಶದಲ್ಲಿ ನಡೆಯಲಿ, ತಂಡ ಒಕ್ಕೂಟದ ಹೆಸರಿನಲ್ಲಿ ಆಡಲಿ ಎಂದಿತು. ಪೋಲೆಂಡ್ ಒಪ್ಪಲಿಲ್ಲ. ನಾಯಕ ರಾಬರ್ಟ್ ಲೆವಾಂಡೊವ್‌ಸ್ಕಿ ತಮ್ಮ ಒಕ್ಕೂಟದ ಬೆನ್ನಿಗೆ ನಿಂತರು. ಸ್ವೀಡನ್, ಜೆಕ್ ಗಣರಾಜ್ಯಗಳೂ ರಷ್ಯಾದೊಂದಿಗೆ ಆಡುವುದಿಲ್ಲ ಎಂದವು. ಫೆಬ್ರುವರಿ 28ರಂದು ಫಿಫಾ ಮತ್ತು ಯುಇಎಫ್‌ಎ ಎರಡೂ ಸೇರಿ ರಷ್ಯಾದ ತಂಡಗಳನ್ನು ಅಮಾನತು ಮಾಡಿದವು. ಅದೇ ದಿನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) ಕೂಡ, ರಷ್ಯಾ ಮತ್ತು ಅದರ ದಾಳಿಗೆ ನೆರವಾದ ನೆರೆದೇಶ ಬೆಲಾರೂಸ್‌ನ ಕ್ರೀಡಾಪಟುಗಳನ್ನು ಆಹ್ವಾನಿಸಬೇಡಿ ಎಂದು ಎಲ್ಲ ಕ್ರೀಡಾ ಒಕ್ಕೂಟಗಳಿಗೆ ಶಿಫಾರಸು ಮಾಡಿತು.

ಬೀಜಿಂಗ್ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಇದೇ ಕಥೆ ಇನ್ನೂ ಅವಸರದಲ್ಲಿ ನಡೆಯಿತು. ಮಾರ್ಚ್ 2ರಂದು ‘ತಟಸ್ಥರಾಗಿ ಆಡಬಹುದು’ ಎಂದ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ, ಬೇರೆ ದೇಶಗಳು ಹಿಂದೆ ಸರಿಯುವ ಎಚ್ಚರಿಕೆ ಕೊಟ್ಟದ್ದರಿಂದ ಮಾರ್ಚ್ 3ರಂದು ‘ಆಡುವಂತಿಲ್ಲ’ ಎಂದಿತು. ಉದ್ಘಾಟನೆ ಮಾರ್ಚ್ 4ಕ್ಕಿತ್ತು.

ರಷ್ಯಾದ ಮೇಲೆ ಮೊದಲೇ ನಿಷೇಧ ಇತ್ತಲ್ಲ, ಡೋಪಿಂಗ್ ವಿಷಯಕ್ಕೆ? ಇದು ಅದರ ಮುಂದುವರಿಕೆಯೇ?

ಅಲ್ಲ. ಎರಡನ್ನೂ ಬೆರೆಸಿದರೆ ಚರ್ಚೆ ದಾರಿ ತಪ್ಪುತ್ತದೆ.

ಡೋಪಿಂಗ್ ಪ್ರಕರಣ ಆಟದ ಒಳಗಿನ ಮೋಸಕ್ಕೆ ಸಂಬಂಧಿಸಿದ್ದು. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೂತ್ರದ ಮಾದರಿಗಳನ್ನೇ ಬದಲಿಸಿದ ಸರ್ಕಾರಿ ಬೆಂಬಲದ ವ್ಯವಸ್ಥೆ ಬಯಲಿಗೆ ಬಂದ ಮೇಲೆ, 2018ರಿಂದ 2022ರವರೆಗಿನ ಮೂರು ಒಲಿಂಪಿಕ್ಸ್‌ಗಳಲ್ಲಿ ರಷ್ಯನ್ನರು ತಮ್ಮ ಧ್ವಜವಿಲ್ಲದೆ ಆಡಿದರು. ಆದರೂ ದೊಡ್ಡ ತಂಡವೇ ಬಂದಿತ್ತು. ಟೋಕಿಯೋದಲ್ಲಿ ‘ಆರ್‌ಒಸಿ’ (ರಷ್ಯಾದ ಒಲಿಂಪಿಕ್ ಸಮಿತಿ) ಎಂಬ ಹೆಸರಿನಲ್ಲಿ 330ಕ್ಕೂ ಹೆಚ್ಚು ಮಂದಿ ಸ್ಪರ್ಧಿಸಿದ್ದರು. 2022ರ ನಂತರದ ನಿಷೇಧಕ್ಕೆ ಯುದ್ಧವೇ ಕಾರಣ. ಇಲ್ಲಿ ಕ್ರೀಡಾಪಟು ಆಟದ ಯಾವ ನಿಯಮವನ್ನೂ ಮುರಿದಿಲ್ಲ. ಈ ಚರ್ಚೆ ಅಷ್ಟು ಕಷ್ಟವಾಗಿರುವುದೂ ಇದರಿಂದಲೇ.

‘ತಟಸ್ಥ ಕ್ರೀಡಾಪಟು’ ಎಂದರೆ ಯಾರು? ಅವರಿಗೆ ಏನು ಇರುತ್ತದೆ, ಏನು ಇರುವುದಿಲ್ಲ?

2023ರ ಮಾರ್ಚ್‌ನಲ್ಲಿ ಐಒಸಿ ಷರತ್ತುಗಳನ್ನು ಹೇಳಿತು. ಒಬ್ಬೊಬ್ಬರಾಗಿ ಬರಬಹುದು, ತಂಡವಾಗಿ ಬರುವಂತಿಲ್ಲ. ಯುದ್ಧವನ್ನು ಬಹಿರಂಗವಾಗಿ ಬೆಂಬಲಿಸಿರಬಾರದು. ಸೇನೆ ಅಥವಾ ಭದ್ರತಾ ಸಂಸ್ಥೆಗಳ ಉದ್ಯೋಗದಲ್ಲಿ ಇರಬಾರದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಇದೇ ಲೆಕ್ಕ ಎಂದು ನಿರ್ಧಾರವಾಯಿತು. ಹೆಸರುಗಳನ್ನು ಪರಿಶೀಲಿಸಿದ ಮೂವರ ಸಮಿತಿಯಲ್ಲಿ ಸ್ಪೇನಿನ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರ ಪೌ ಗಸೋಲ್ ಕೂಡ ಇದ್ದರು.

ಪ್ಯಾರಿಸ್ಸಿನಲ್ಲಿ ಹೀಗೆ ಆಡಿದವರು ಬೆಲಾರೂಸ್‌ನ 17, ರಷ್ಯಾದ 15 ಮಂದಿ. ಸೀನ್ ನದಿಯ ಮೇಲಿನ ಉದ್ಘಾಟನಾ ಮೆರವಣಿಗೆಯಲ್ಲಿ ಅವರಿಗೆ ಜಾಗ ಇರಲಿಲ್ಲ. ಟ್ರಾಂಪೊಲಿನ್‌ನಲ್ಲಿ ಬೆಲಾರೂಸ್‌ನ ಇವಾನ್ ಲಿಟ್ವಿನೋವಿಚ್ ಚಿನ್ನ ಗೆದ್ದಾಗ ಮೇಲೇರಿದ್ದು ‘ಎಐಎನ್’ (ವೈಯಕ್ತಿಕ ತಟಸ್ಥ ಕ್ರೀಡಾಪಟುಗಳು) ಎಂದು ಬರೆದಿದ್ದ ಹಸಿರು ಬಾವುಟ, ಕೇಳಿಸಿದ್ದು ಸಾಹಿತ್ಯವಿಲ್ಲದ ಒಂದು ರಾಗ. ಅವರ ಪದಕಗಳು ಯಾವ ದೇಶದ ಪಟ್ಟಿಗೂ ಸೇರಲಿಲ್ಲ.

ಆಹ್ವಾನ ಬಂದರೂ ಬೇಡವೆಂದವರಿದ್ದರು. ರಷ್ಯಾದ ಕುಸ್ತಿ ಮತ್ತು ಜೂಡೊ ಒಕ್ಕೂಟಗಳು ಆಯ್ದ ಕೆಲವರನ್ನಷ್ಟೇ ಕಳಿಸಲು ನಿರಾಕರಿಸಿದವು.

ನಮಗೂ ಇದು ತೀರಾ ಅಪರಿಚಿತವಲ್ಲ. 2012ರ ಡಿಸೆಂಬರ್‌ನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಆಡಳಿತದ ಲೋಪಗಳಿಗಾಗಿ ಐಒಸಿ ಅಮಾನತು ಮಾಡಿತ್ತು. ಹಾಗಾಗಿ 2014ರ ಸೋಚಿಯಲ್ಲಿ ಶಿವ ಕೇಶವನ್ ಮತ್ತು ಇನ್ನಿಬ್ಬರು ಭಾರತೀಯರು ಉದ್ಘಾಟನೆಯ ದಿನ ಒಲಿಂಪಿಕ್ ಬಾವುಟದ ಹಿಂದೆ ನಡೆದರು. ಕ್ರೀಡಾಕೂಟದ ನಡುವೆಯೇ ಅಮಾನತು ತೆರವಾಯಿತು, ಸಮಾರೋಪಕ್ಕೆ ತ್ರಿವರ್ಣ ಧ್ವಜ ಬಂತು. ಅಧಿಕಾರಿಗಳ ತಪ್ಪಿಗೆ ಆಟಗಾರ ಧ್ವಜ ಕಳೆದುಕೊಳ್ಳುವುದು ಹೇಗಿರುತ್ತದೆ ಎಂದು ಆ ಮೂವರನ್ನು ನೋಡಿದವರಿಗೆ ತಿಳಿದಿರುತ್ತದೆ.

ಎಲ್ಲ ಕ್ರೀಡೆಗಳಲ್ಲೂ ನಿಯಮ ಒಂದೇ ಇದೆಯೇ?

ಇಲ್ಲ. ಪ್ರತಿ ಒಕ್ಕೂಟವೂ ತನ್ನದೇ ದಾರಿ ಹಿಡಿದಿದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ತಟಸ್ಥರಿಗೂ ಬಾಗಿಲು ಮುಚ್ಚಿತು. ಟೆನಿಸ್ ಪ್ರವಾಸಿ ಟೂರ್ನಿಗಳಲ್ಲಿ ರಷ್ಯನ್ನರು ಹೆಸರಿನ ಮುಂದೆ ಧ್ವಜವಿಲ್ಲದೆ ವಾರವಾರವೂ ಆಡುತ್ತಾರೆ. ಯುಇಎಫ್‌ಎ ರಷ್ಯಾವನ್ನು ಹೊರಗಿಟ್ಟಿತು, ಆದರೆ ತನ್ನ ನೆಲದಿಂದ ಆ ಸೇನೆಯನ್ನು ಹಾಯಲು ಬಿಟ್ಟ ಬೆಲಾರೂಸ್‌ಗೆ ಹೊರದೇಶದಲ್ಲಿ, ಪ್ರೇಕ್ಷಕರಿಲ್ಲದೆ ತವರಿನ ಪಂದ್ಯಗಳನ್ನು ಆಡಲು ಅವಕಾಶ ಕೊಟ್ಟಿತು. 2025ರಲ್ಲಿ ಪ್ಯಾರಾಲಿಂಪಿಕ್ ಸಮಿತಿಯ ಸದಸ್ಯರು ಸೋಲ್ ನಗರದಲ್ಲಿ ಮತ ಹಾಕಿ ಎರಡೂ ದೇಶಗಳ ಅಮಾನತನ್ನು ತೆಗೆದರು. ಒಂದೇ ಯುದ್ಧ, ಒಂದೇ ದೇಶ. ಆದರೂ ಎತ್ತರ ಜಿಗಿಯುವವಳಿಗೆ ಒಂದು ನ್ಯಾಯ, ಟೆನಿಸ್ ಆಡುವವಳಿಗೆ ಇನ್ನೊಂದು. ಇದನ್ನು ಸಮರ್ಥಿಸುವ ಒಳ್ಳೆಯ ವಾದವನ್ನು ನಾನು ಇನ್ನೂ ಕೇಳಿಲ್ಲ.

## ನ್ಯಾಯ–ಅನ್ಯಾಯದ ಪ್ರಶ್ನೆಗಳು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ? ಪುಟಿನ್ ಮಾಡಿದ್ದಕ್ಕೆ ಆಟಗಾರ್ತಿ ಏಕೆ ಅನುಭವಿಸಬೇಕು?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ, ಎಲ್ಲಕ್ಕಿಂತ ಪ್ರಾಮಾಣಿಕವಾದದ್ದೂ ಹೌದು. ಇಬ್ಬರು ಎತ್ತರ ಜಿಗಿತಗಾರ್ತಿಯರನ್ನು ಎದುರಿಗಿಟ್ಟುಕೊಂಡು ಉತ್ತರಿಸುತ್ತೇನೆ.

2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಮರಿಯಾ ಲಾಸಿಟ್ಸ್‌ಕೆನೆ ಚಿನ್ನ ಗೆದ್ದರು, ಉಕ್ರೇನಿನ ಯರೊಸ್ಲಾವಾ ಮಹುಚಿಖ್ ಕಂಚು ಗೆದ್ದರು. ಸ್ಪರ್ಧೆ ಮುಗಿದ ಮೇಲೆ ಇಬ್ಬರೂ ಅಪ್ಪಿಕೊಂಡು ನಿಂತ ಚಿತ್ರ ಹರಿದಾಡಿ, ಉಕ್ರೇನಿನಲ್ಲಿ ಮಹುಚಿಖ್ ಮೇಲೆ ಟೀಕೆಯ ಮಳೆಯೇ ಸುರಿಯಿತು. ಆರು ತಿಂಗಳ ಬಳಿಕ ಯುದ್ಧ ಬಂತು. ಮಹುಚಿಖ್ ನಿಪ್ರೊ ನಗರದಿಂದ ಕಾರಿನಲ್ಲಿ ಹೊರಟು ಮೂರು ದಿನ ಪ್ರಯಾಣಿಸಿ ಬೆಲ್‌ಗ್ರೇಡ್ ತಲುಪಿದರು. 2022ರ ಮಾರ್ಚ್‌ನಲ್ಲಿ ಅಲ್ಲಿ ಒಳಾಂಗಣ ವಿಶ್ವ ಚಾಂಪಿಯನ್ ಆದರು. 2024ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ 2.10 ಮೀಟರ್ ಹಾರಿ, 1987ರಿಂದ ಯಾರೂ ಮುಟ್ಟದ 2.09ರ ವಿಶ್ವ ದಾಖಲೆಯನ್ನು ಮುರಿದರು. ಮರುತಿಂಗಳು ಒಲಿಂಪಿಕ್ ಚಿನ್ನವೂ ಬಂತು. ಈ ಎಲ್ಲ ಸ್ಪರ್ಧೆಗಳಲ್ಲಿ ಲಾಸಿಟ್ಸ್‌ಕೆನೆ ಇರಲಿಲ್ಲ. ಮೂರು ಬಾರಿಯ ವಿಶ್ವ ಚಾಂಪಿಯನ್ ಆಗಿದ್ದ ಅವರು 2022ರಲ್ಲಿ ಐಒಸಿ ಅಧ್ಯಕ್ಷ ಥಾಮಸ್ ಬಾಕ್ ಅವರಿಗೆ ಬಹಿರಂಗ ಪತ್ರ ಬರೆದು ಈ ನಿಷೇಧವನ್ನು ಖಂಡಿಸಿದರು.

ಲಾಸಿಟ್ಸ್‌ಕೆನೆ ನಷ್ಟ ಅನುಭವಿಸಿದರೇ? ಖಂಡಿತ. ಜಿಗಿತಗಾರ್ತಿಯ ದೇಹಕ್ಕೆ ಕಳೆದುಹೋದ ಮೂರು ವರ್ಷ ಮರಳಿ ಸಿಗುವುದಿಲ್ಲ. ಆದರೆ ಅಂಕಣದ ಮಟ್ಟಿಗೆ ನ್ಯಾಯವೆಂದರೆ ಸಮಾನ ಅವಕಾಶ. ಒಬ್ಬಾಕೆ ತವರಿನ ಕ್ರೀಡಾಂಗಣದಲ್ಲಿ ಸರ್ಕಾರದ ಖರ್ಚಿನಲ್ಲಿ ಅಭ್ಯಾಸ ಮಾಡಿ ಬರುತ್ತಾಳೆ, ಇನ್ನೊಬ್ಬಾಕೆಯ ತವರಿನ ಮೇಲೆ ಮೊದಲನೆಯವಳ ಸರ್ಕಾರವೇ ಕ್ಷಿಪಣಿ ಹಾರಿಸುತ್ತದೆ. ಹೀಗಿರುವಾಗ ಇಬ್ಬರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ ಎನ್ನುವುದು ಹೇಗೆ? ಜೊತೆಗೆ, ರಷ್ಯಾದಲ್ಲಿ ಪದಕ ಗೆದ್ದವರು ಸರ್ಕಾರಿ ವೇದಿಕೆಗಳ ಮೇಲೆ ಕಾಣಿಸಿಕೊಳ್ಳುವುದು ಹೊಸದೂ ಅಲ್ಲ, ಸಣ್ಣ ಸಂಗತಿಯೂ ಅಲ್ಲ.

ನನ್ನ ನಿಲುವು ಇಷ್ಟು. ಧ್ವಜ, ರಾಷ್ಟ್ರಗೀತೆ, ರಾಷ್ಟ್ರೀಯ ತಂಡ ಇವು ಸರ್ಕಾರದ ಪ್ರತಿಷ್ಠೆ. ಅವನ್ನು ತಡೆಹಿಡಿಯುವುದು ನ್ಯಾಯ. ವ್ಯಕ್ತಿಯನ್ನು ಬರೀ ಹುಟ್ಟಿದ ಊರಿನ ಕಾರಣಕ್ಕೆ ಹೊರಗಿಡುವುದು ಅನ್ಯಾಯ. ಆಕೆ ಏನು ಹೇಳಿದಳು, ಯಾರ ಸಂಬಳ ಪಡೆಯುತ್ತಾಳೆ ಎಂಬುದನ್ನು ನೋಡಿ ತೀರ್ಮಾನಿಸಬೇಕು.

‘ಕ್ರೀಡೆಯಲ್ಲಿ ರಾಜಕೀಯ ಬೇಡ’ ಎಂದು ಇಷ್ಟು ವರ್ಷ ಹೇಳಿದವರು ಈಗ ಮಾತು ಬದಲಿಸಿದ್ದಾರೆಯೇ?

ಆ ಮಾತನ್ನು ಹೇಳುತ್ತ ಬಂದರು, ಪಾಲಿಸಿದ್ದು ಮಾತ್ರ ಅಪರೂಪ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ ಮತ್ತಿತರ ದೇಶಗಳಿಗೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಕರೆ ಹೋಗಲಿಲ್ಲ. 1948ರ ಲಂಡನ್ನಿಗೆ ಜರ್ಮನಿಯನ್ನೂ ಜಪಾನನ್ನೂ ಕರೆಯಲಿಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು 1970ರಲ್ಲಿ ಐಒಸಿ ಉಚ್ಚಾಟಿಸಿತು. 1974ರ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ಅಮೃತರಾಜ್ ಸಹೋದರರ ತಂಡ ಗೆಲ್ಲಬಹುದಾಗಿದ್ದ ಕಪ್ ಅದು.

ಈಗಿನ ಪ್ರಕರಣಕ್ಕೆ ತೀರಾ ಹತ್ತಿರದ್ದು 1992ರ ಯುಗೊಸ್ಲಾವಿಯ. ಬಾಲ್ಕನ್ ಯುದ್ಧದ ಕಾರಣಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಹೇರಿತು. ಯುರೋ ಫುಟ್‌ಬಾಲ್ ಟೂರ್ನಿ ಶುರುವಾಗಲು ಕೆಲವೇ ದಿನಗಳಿದ್ದಾಗ ಯುಗೊಸ್ಲಾವಿಯ ಹೊರಬಿತ್ತು. ಬದಲಿಗೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದುಕೊಂಡು ಹೋಯಿತು. ಅದೇ ಬೇಸಿಗೆಯ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವ್ ಆಟಗಾರರು ಸ್ವತಂತ್ರ ಸ್ಪರ್ಧಿಗಳಾಗಿ ಆಡಿ ಶೂಟಿಂಗ್‌ನಲ್ಲಿ ಮೂರು ಪದಕ ಗೆದ್ದರು. ತಂಡಕ್ಕೆ ತಡೆ, ವ್ಯಕ್ತಿಗೆ ಅವಕಾಶ ಎಂಬ ಸೂತ್ರ ಹುಟ್ಟಿದ್ದು ಅಲ್ಲಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಅಫ್ಗಾನಿಸ್ತಾನದ ಮೇಲಿನ ಸೋವಿಯತ್ ದಾಳಿಯನ್ನು ಖಂಡಿಸಿ ಅಮೆರಿಕದ ನೇತೃತ್ವದಲ್ಲಿ ಹಲವು ದೇಶಗಳು 1980ರ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದವು. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹೋಗಬೇಡಿ ಎಂದರೂ ಬ್ರಿಟಿಷ್ ಆಟಗಾರರು ಹೋದರು. 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಸೆಬಾಸ್ಟಿಯನ್ ಕೋ ಅವರಲ್ಲೊಬ್ಬರು. ಇಂದು ರಷ್ಯನ್ನರಿಗೆ ಪೂರ್ತಿ ಬಾಗಿಲು ಮುಚ್ಚಿರುವ ವಿಶ್ವ ಅಥ್ಲೆಟಿಕ್ಸ್‌ನ ಅಧ್ಯಕ್ಷರು ಅವರೇ. ಮೊದಲನೆಯದು ಇನ್ನೊಬ್ಬರ ಮನೆಗೆ ಹೋಗದಿರುವ ಪ್ರಶ್ನೆ, ಎರಡನೆಯದು ಆಕ್ರಮಣಕಾರನನ್ನು ಕರೆಯದಿರುವ ಪ್ರಶ್ನೆ, ಎರಡೂ ಬೇರೆ ಎಂದು ವಾದಿಸಬಹುದು. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಅಂದು ವ್ಯಕ್ತಿಯಾಗಿ ತಾವು ಪಡೆದ ಆಯ್ಕೆಯ ಸ್ವಾತಂತ್ರ್ಯವನ್ನು ಇಂದು ಅವರು ಬೇರೆಯವರಿಗೆ ಕೊಟ್ಟಿಲ್ಲ.

ಅದೇ ಮಾಸ್ಕೋದಲ್ಲಿ ಭಾರತದ ಹಾಕಿ ತಂಡ ತನ್ನ ಎಂಟನೆಯ ಚಿನ್ನ ಗೆದ್ದಿತು, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಬಹಿಷ್ಕಾರದಿಂದಾಗಿ ಹಾಕಿಗೆ ಬಂದದ್ದು ಆರೇ ತಂಡ. ಆ ಚಿನ್ನವನ್ನು ನಾವು ಹೆಮ್ಮೆಯಿಂದಲೇ ನೆನೆಯುತ್ತೇವೆ, ನೆನೆಯಬೇಕು ಕೂಡ. ಹಾಗೆಯೇ ರಷ್ಯಾ ಇಲ್ಲದ ಪ್ಯಾರಿಸ್ಸಿನ ಪದಕಕ್ಕೆ ತೂಕ ಕಡಿಮೆ ಎನ್ನುವವರು ಈ ಮಾತನ್ನೂ ನೆನಪಿಡಬೇಕು.

2022ರಲ್ಲಿ ವಿಂಬಲ್ಡನ್ ಮಾಡಿದ್ದು ಸರಿಯೇ?

ಉದ್ದೇಶ ಅರ್ಥವಾಗುತ್ತದೆ, ಆದರೆ ಹಿಡಿದ ದಾರಿ ತಪ್ಪು ಎಂದೇ ನನ್ನ ಅಭಿಪ್ರಾಯ. ಟೆನಿಸ್ ಆಟಗಾರ ದೇಶದ ತಂಡದಲ್ಲಿ ಬರುವವನಲ್ಲ, ತನ್ನ ಖರ್ಚಿನಲ್ಲಿ, ತನ್ನ ಶ್ರೇಯಾಂಕದ ಬಲದಿಂದ ಬರುವವನು. ವಿಂಬಲ್ಡನ್ ರಷ್ಯಾ–ಬೆಲಾರೂಸ್‌ನ ಎಲ್ಲರಿಗೂ ಪ್ರವೇಶ ನಿರಾಕರಿಸಿತು. ಆಗಿನ ವಿಶ್ವದ ಅಗ್ರ ಆಟಗಾರ ಡೇನಿಯಲ್ ಮೆಡ್ವೆಡೆವ್ ಕೂಡ ಹೊರಗುಳಿದರು. ಇದಕ್ಕೆ ಉತ್ತರವಾಗಿ ಪುರುಷರ ಮತ್ತು ಮಹಿಳೆಯರ ವೃತ್ತಿಪರ ಟೆನಿಸ್ ಸಂಸ್ಥೆಗಳಾದ ಎಟಿಪಿ ಮತ್ತು ಡಬ್ಲ್ಯುಟಿಎ ಆ ವರ್ಷದ ವಿಂಬಲ್ಡನ್‌ಗೆ ಶ್ರೇಯಾಂಕದ ಅಂಕಗಳನ್ನೇ ಕೊಡಲಿಲ್ಲ. ಪುರುಷರ ಪ್ರಶಸ್ತಿ ಗೆದ್ದ ನೊವಾಕ್ ಜೊಕೊವಿಚ್ ಅವರಿಗೆ ಒಂದು ಅಂಕವೂ ಸಿಗಲಿಲ್ಲ. ಮಹಿಳೆಯರ ಪ್ರಶಸ್ತಿ ಗೆದ್ದ ಎಲೆನಾ ರಿಬಾಕಿನಾ ಹುಟ್ಟಿ ಬೆಳೆದದ್ದು ಮಾಸ್ಕೋದಲ್ಲಿ. 2018ರಿಂದ ಕಜಾಕಿಸ್ತಾನದ ಪರ ಆಡುತ್ತಿದ್ದರಿಂದ ಅವರಿಗೆ ತಡೆ ಇರಲಿಲ್ಲ. ಮಾಸ್ಕೋದ ಇನ್ನೊಬ್ಬ ಆಟಗಾರ್ತಿ ನಟೇಲಾ ಜಲಮಿಡ್ಜೆ ಟೂರ್ನಿಗೆ ಸ್ವಲ್ಪ ಮುನ್ನ ಜಾರ್ಜಿಯಾದ ಪರ ಆಡಲು ಬದಲಿಸಿಕೊಂಡು ಡಬಲ್ಸ್ ಆಡಿದರು. ಕಾಗದ ಬದಲಿಸಿದರೆ ಬಾಗಿಲು ತೆರೆಯುತ್ತದೆ ಎಂದಾದರೆ ಅಲ್ಲಿ ಪರೀಕ್ಷೆಯಾದದ್ದು ನಡತೆಯಲ್ಲ. 2023ರಲ್ಲಿ ವಿಂಬಲ್ಡನ್ ದಾರಿ ಬದಲಿಸಿ, ತಟಸ್ಥತೆಯ ಘೋಷಣೆಗೆ ಸಹಿ ಹಾಕಿದವರನ್ನು ಒಳಗೆ ಬಿಟ್ಟಿತು. ಅದೇ ಸರಿಯಾದ ಕ್ರಮ.

ಪಂದ್ಯ ಮುಗಿದ ಮೇಲೆ ಕೈಕುಲುಕದಿರುವುದು ಕ್ರೀಡಾ ಮನೋಭಾವಕ್ಕೆ ವಿರುದ್ಧವಲ್ಲವೇ?

ಉಕ್ರೇನಿನ ಫೆನ್ಸಿಂಗ್ (ಕತ್ತಿವರಸೆ) ಆಟಗಾರ್ತಿ ಓಲ್ಗಾ ಹಾರ್ಲಾನ್ ಅವರ ಪ್ರಕರಣವನ್ನು ಪೂರ್ತಿ ತಿಳಿದ ಮೇಲೆ ಈ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಕೊಳ್ಳಿ ಎಂದು ನಾನು ಹೇಳುವುದುಂಟು.

2023ರ ಜುಲೈ 27, ಮಿಲಾನ್. ವಿಶ್ವ ಫೆನ್ಸಿಂಗ್ ಚಾಂಪಿಯನ್‌ಷಿಪ್‌ನ ಸೇಬರ್ ಸ್ಪರ್ಧೆ. ಉಕ್ರೇನಿನ ಹಾರ್ಲಾನ್, ತಟಸ್ಥ ಆಟಗಾರ್ತಿಯಾಗಿ ಬಂದ ರಷ್ಯಾದ ಅನ್ನಾ ಸ್ಮಿರ್ನೋವಾ ಅವರನ್ನು 15–7ರಿಂದ ಸೋಲಿಸಿದರು. ಸ್ಮಿರ್ನೋವಾ ಕೈ ಚಾಚಿದರು. ಹಾರ್ಲಾನ್ ಕೈ ಕೊಡದೆ ಕತ್ತಿಯ ಅಲಗನ್ನು ಮುಂದೆ ಚಾಚಿದರು, ಅಲಗಿಗೆ ಅಲಗು ತಾಗಿಸಿ ವಂದಿಸೋಣ ಎಂಬಂತೆ. ಕೋವಿಡ್ ಕಾಲದಲ್ಲಿ ಬಳಕೆಯಲ್ಲಿದ್ದ ರೀತಿ ಅದು. ಹಾಗೆ ಮಾಡಬಹುದು ಎಂಬ ಭರವಸೆ ತಮಗೆ ಸಿಕ್ಕಿತ್ತು ಎಂದು ಹಾರ್ಲಾನ್ ನಂತರ ಹೇಳಿದರು. ಸ್ಮಿರ್ನೋವಾ ಅಲ್ಲಿಂದ ಕದಲಲಿಲ್ಲ. ಅಂಕಣದ ಮೇಲೆ ಕುರ್ಚಿ ಹಾಕಿಸಿಕೊಂಡು ಮುಕ್ಕಾಲು ಗಂಟೆಯಷ್ಟು ಹೊತ್ತು ಕುಳಿತೇ ಇದ್ದರು. ಕೈಕುಲುಕುವುದು ಕಡ್ಡಾಯ ಎಂದು ನಿಯಮಪುಸ್ತಕದಲ್ಲಿತ್ತು. ಗೆದ್ದ ಹಾರ್ಲಾನ್‌ಗೆ ಕಪ್ಪು ಕಾರ್ಡ್ ತೋರಿಸಿ ಅನರ್ಹಗೊಳಿಸಿದರು.

ಗದ್ದಲ ಜಗತ್ತಿನೆಲ್ಲೆಡೆ ಹಬ್ಬಿತು. ಮರುದಿನವೇ ಥಾಮಸ್ ಬಾಕ್ ಹಾರ್ಲಾನ್‌ಗೆ ಪತ್ರ ಬರೆದು, ಅರ್ಹತಾ ಅಂಕಗಳು ಸಾಲದೆ ಹೋದರೂ ಪ್ಯಾರಿಸ್ಸಿನಲ್ಲಿ ಒಂದು ಸ್ಥಾನ ಖಚಿತ ಎಂದರು. ಬಾಕ್ ಸ್ವತಃ ಫೆನ್ಸಿಂಗ್ ಆಟಗಾರರು, 1976ರ ಮಾಂಟ್ರಿಯಲ್‌ನಲ್ಲಿ ತಂಡ ಚಿನ್ನ ಗೆದ್ದವರು. ಫೆನ್ಸಿಂಗ್ ಒಕ್ಕೂಟ ಅನರ್ಹತೆಯನ್ನು ಹಿಂತೆಗೆದುಕೊಂಡಿತು, ಕೈಕುಲುಕುವ ನಿಯಮವನ್ನೂ ಸಡಿಲಿಸಿತು. ಪ್ಯಾರಿಸ್ಸಿನಲ್ಲಿ ಕೊರಿಯಾದ ಆಟಗಾರ್ತಿಯ ಎದುರು ಹಿಂದೆ ಬಿದ್ದಿದ್ದ ಹಾರ್ಲಾನ್ 15–14ರಿಂದ ಗೆದ್ದು ಕಂಚು ಪಡೆದರು. ಆ ಕ್ರೀಡಾಕೂಟದಲ್ಲಿ ಉಕ್ರೇನಿಗೆ ಅದೇ ಮೊದಲ ಪದಕ. ಬಳಿಕ ತಂಡ ವಿಭಾಗದ ಚಿನ್ನವೂ ಸಿಕ್ಕಿತು.

ಕೈಕುಲುಕುವುದು ಗೌರವದ ಗುರುತು, ನಿಜ. ಒತ್ತಾಯದಿಂದ ಕೊಡಿಸಿದ ಗೌರವಕ್ಕೆ ಏನು ಬೆಲೆ? ಹಾರ್ಲಾನ್ ಎದುರಾಳಿಯ ಜೊತೆ ನಿಯಮಬದ್ಧವಾಗಿ ಆಡಿದರು, ಗೆದ್ದರು, ಬೇರೊಂದು ರೀತಿಯಲ್ಲಿ ವಂದಿಸಲು ಮುಂದಾದರು. ಟೆನಿಸ್‌ನಲ್ಲಿ ಉಕ್ರೇನಿನ ಎಲಿನಾ ಸ್ವಿಟೊಲಿನಾ ಕೂಡ ರಷ್ಯಾ, ಬೆಲಾರೂಸ್ ಆಟಗಾರ್ತಿಯರ ಕೈ ಕುಲುಕುವುದಿಲ್ಲ. ಅವರ ಊರುಗಳಲ್ಲಿ ಸೈರನ್ ಕೂಗುತ್ತಿರುವಾಗ ಅವರಿಂದ ಇನ್ನೇನನ್ನು ಕೇಳುವ ಹಕ್ಕು ನಮಗಿದೆ?

ರಷ್ಯಾದ ಕಣ್ಣಿಗೆ ಸುಣ್ಣ, ಇಸ್ರೇಲಿನ ಕಣ್ಣಿಗೆ ಬೆಣ್ಣೆ. ಇದನ್ನು ನ್ಯಾಯ ಎನ್ನುತ್ತೀರಾ?

ಎನ್ನುವುದಿಲ್ಲ. ಗಾಜಾದ ಯುದ್ಧದ ಬಳಿಕ ಯುರೋಪಿನ ಬೀದಿಗಳಲ್ಲೇ ಈ ಪ್ರಶ್ನೆ ಎದ್ದು ನಿಂತಿತು. 2025ರ ಸೆಪ್ಟೆಂಬರ್ 14ರಂದು ಸ್ಪೇನಿನ ‘ವುಯೆಲ್ಟಾ’ ಸೈಕಲ್ ಸ್ಪರ್ಧೆಯ ಕೊನೆಯ ಹಂತ ಮ್ಯಾಡ್ರಿಡ್ ನಗರದಲ್ಲಿ ಅರ್ಧಕ್ಕೇ ನಿಂತುಹೋಯಿತು. ಇಸ್ರೇಲ್–ಪ್ರೀಮಿಯರ್ ಟೆಕ್ ಎಂಬ ತಂಡ ಸ್ಪರ್ಧೆಯಲ್ಲಿದ್ದುದನ್ನು ವಿರೋಧಿಸಿ ಪ್ರತಿಭಟನಕಾರರು ರಸ್ತೆಗಿಳಿದಿದ್ದರು. ವಿಜೇತ ಜೋನಸ್ ವಿಂಗೆಗೋರ್ ಅವರಿಗೆ ಸವಾರರೇ ಸೇರಿ ವಾಹನ ನಿಲುಗಡೆಯ ಜಾಗದಲ್ಲಿ ಸನ್ಮಾನ ಮಾಡಿದರು. ಮರುದಿನ ಸ್ಪೇನಿನ ಪ್ರಧಾನಿ ಪೆಡ್ರೊ ಸಾಂಚೆಸ್, ರಷ್ಯಾ ಮತ್ತು ಇಸ್ರೇಲ್ ಎರಡನ್ನೂ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ದೂರವಿಡಬೇಕು ಎಂದರು. ಅಕ್ಟೋಬರ್‌ನಲ್ಲಿ ಓಸ್ಲೋದಲ್ಲಿ ಇಸ್ರೇಲ್ ವಿರುದ್ಧ ಆಡಿದ ನಾರ್ವೆ, ಪಂದ್ಯದ ಲಾಭವನ್ನು ಗಾಜಾದಲ್ಲಿ ದುಡಿಯುತ್ತಿದ್ದ ವೈದ್ಯರ ಸಂಸ್ಥೆಗೆ ಕೊಟ್ಟಿತು. ನವೆಂಬರ್‌ನಲ್ಲಿ ಐರ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ ಇಸ್ರೇಲನ್ನು ಅಮಾನತು ಮಾಡುವಂತೆ ಯುಇಎಫ್‌ಎಯನ್ನು ಕೇಳುವ ನಿರ್ಣಯವನ್ನು ಅಂಗೀಕರಿಸಿತು.

ಐಒಸಿಯ ಉತ್ತರ ಹೀಗಿದೆ. 2023ರ ಅಕ್ಟೋಬರ್‌ನಲ್ಲಿ ರಷ್ಯಾದ ಒಲಿಂಪಿಕ್ ಸಮಿತಿಯನ್ನು ಅಮಾನತು ಮಾಡಿದ್ದು ಯುದ್ಧದ ಕಾರಣಕ್ಕಲ್ಲ. ಆಕ್ರಮಿತ ಡೊನೆಟ್ಸ್ಕ್, ಲುಹಾನ್ಸ್ಕ್, ಖೆರ್ಸನ್, ಜಪೊರಿಜ್ಜಿಯಾ ಪ್ರದೇಶಗಳ ಕ್ರೀಡಾ ಸಂಘಗಳನ್ನು ತನ್ನೊಳಗೆ ಸೇರಿಸಿಕೊಂಡ ಕಾರಣಕ್ಕೆ. ಅದು ಇನ್ನೊಂದು ಸದಸ್ಯ ದೇಶದ ನೆಲ, ಅದನ್ನು ಕಬಳಿಸುವುದು ಒಲಿಂಪಿಕ್ ಸನದಿಗೆ ವಿರುದ್ಧ. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್‌ಗಳ ಒಲಿಂಪಿಕ್ ಸಮಿತಿಗಳು ಬೇರೆ ಬೇರೆ ಇದ್ದು, ಅಂಥ ಉಲ್ಲಂಘನೆ ಆಗಿಲ್ಲ ಎನ್ನುತ್ತದೆ ಐಒಸಿ.

ಈ ವಾದವನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಇಡೀ ಚರ್ಚೆಯಲ್ಲಿ ಬರವಣಿಗೆಯಲ್ಲಿರುವ ಸ್ಪಷ್ಟ ನಿಯಮ ಅದೊಂದೇ: ಒಪ್ಪಿಗೆಯಿಲ್ಲದೆ ಇನ್ನೊಬ್ಬರ ನೆಲದಲ್ಲಿ ನಿಮ್ಮ ಆಟ ನಡೆಸಬೇಡಿ. ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡಾಗ, ಅಲ್ಲಿನ ಕ್ಲಬ್‌ಗಳು ರಷ್ಯಾದ ಲೀಗ್‌ಗಳಲ್ಲಿ ಆಡುವಂತಿಲ್ಲ ಎಂದು ಯುಇಎಫ್‌ಎ 2014ರಲ್ಲಿ ತಡೆದದ್ದೂ ಇದೇ ನಿಯಮದ ಮೇಲೆ. ಹಾಗಾದರೆ ಇಸ್ರೇಲ್ ಆಕ್ರಮಿಸಿಕೊಂಡಿರುವ ಪಶ್ಚಿಮ ದಂಡೆಯ ಇಸ್ರೇಲಿ ವಸತಿಗಳಲ್ಲಿರುವ ಕ್ಲಬ್‌ಗಳು ಇಸ್ರೇಲಿನ ಲೀಗ್‌ಗಳಲ್ಲಿ ಆಡುತ್ತಿರುವುದು? ಪ್ಯಾಲೆಸ್ಟೀನ್ ಒಕ್ಕೂಟ ವರ್ಷಗಟ್ಟಲೆ ಇದೇ ದೂರು ಹೊತ್ತು ಫಿಫಾದ ಬಾಗಿಲು ತಟ್ಟಿದೆ. 2017ರ ಅಕ್ಟೋಬರ್‌ನಲ್ಲಿ ಫಿಫಾ, ಇದರಲ್ಲಿ ತಾನು ಮಧ್ಯಪ್ರವೇಶ ಮಾಡುವುದಿಲ್ಲ ಎಂದುಬಿಟ್ಟಿತು. ಒಂದೇ ನಿಯಮಕ್ಕೆ ಎರಡು ಬಗೆಯ ಜಾರಿ ಎಂದು ನಾನು ಹೇಳುವುದು ಈ ಸಂಗತಿಯನ್ನು. ಯುದ್ಧಗಳನ್ನು ಹೋಲಿಸಿ ಯಾವುದು ಹೆಚ್ಚು ಘೋರ ಎಂದು ತೂಗುವ ಕೆಲಸವನ್ನು ಕ್ರೀಡಾ ಸಂಸ್ಥೆಗಳಿಂದ ಯಾರೂ ಕೇಳಬೇಕಿಲ್ಲ. ತಾವೇ ಬರೆದ ನಿಯಮವನ್ನು ಕ್ರಿಮಿಯಾಕ್ಕೂ ಪಶ್ಚಿಮ ದಂಡೆಗೂ ಒಂದೇ ಬಗೆಯಲ್ಲಿ ಅನ್ವಯಿಸಲಿ.

ಇರಾಕ್ ಮೇಲೆ ದಾಳಿ ಮಾಡಿದ ಅಮೆರಿಕ, ಬ್ರಿಟನ್‌ಗಳನ್ನು ಯಾರೂ ಹೊರಗಿಡಲಿಲ್ಲವಲ್ಲ?

ಹೌದು, ಇಡಲಿಲ್ಲ. 2003ರ ದಾಳಿಯ ಎರಡು ವರ್ಷಗಳ ನಂತರ ಲಂಡನ್ನಿಗೆ 2012ರ ಒಲಿಂಪಿಕ್ಸ್ ಸಿಕ್ಕಿತು. ರಷ್ಯಾಕ್ಕೂ 2014ರ ಕ್ರಿಮಿಯಾ ಪ್ರಕರಣದ ನಂತರ 2018ರ ವಿಶ್ವಕಪ್ ಉಳಿಯಿತು ಎಂಬುದನ್ನೂ ಸೇರಿಸಿ ಹೇಳಬೇಕು. ಹಿಂದೆ ಒಬ್ಬರನ್ನು ಬಿಟ್ಟದ್ದು ಇಂದು ಇನ್ನೊಬ್ಬರನ್ನು ಬಿಡಲು ಕಾರಣವಾಗುವುದಿಲ್ಲ. ಹಾಗೆ ನಡೆದರೆ ಯಾರನ್ನೂ ಎಂದೂ ಹಿಡಿಯಲಾಗದು.

## ಇನ್ನೂ ಆಳಕ್ಕೆ ಹೋಗುವವರಿಗೆ

ನ್ಯಾಯಾಲಯ ಏನು ಹೇಳಿದೆ? ನಿಷೇಧ ಕಾನೂನುಬದ್ಧವೇ?

ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ (ಸಿಎಎಸ್) ಇಂಥ ವ್ಯಾಜ್ಯಗಳಿಗೆ ಮುಖ್ಯ ಕಟ್ಟೆ. 2022ರ ಜುಲೈನಲ್ಲಿ ರಷ್ಯಾದ ಫುಟ್‌ಬಾಲ್ ಒಕ್ಕೂಟ ಮತ್ತು ಕ್ಲಬ್‌ಗಳ ಮೇಲ್ಮನವಿಯನ್ನು ಅದು ತಳ್ಳಿಹಾಕಿತು. ಅದು ಕೊಟ್ಟ ಕಾರಣ ಗಮನಾರ್ಹ. ಯುದ್ಧಕ್ಕೆ ಈ ತಂಡಗಳೂ ಆಟಗಾರರೂ ಹೊಣೆಯಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಉಳಿದ ಜಗತ್ತಿಗೆ ಪಂದ್ಯಗಳು ಸುರಕ್ಷಿತವಾಗಿ, ಕ್ರಮಬದ್ಧವಾಗಿ ನಡೆಯಬೇಕಾದ ಅಗತ್ಯ ಅದಕ್ಕಿಂತ ಮಿಗಿಲು ಎಂದಿತು. ಅಂದರೆ ಅದು ಶಿಕ್ಷೆಯ ತೀರ್ಪಲ್ಲ, ವ್ಯವಸ್ಥೆಯ ತೀರ್ಪು.

2025ರ ಡಿಸೆಂಬರ್‌ನಲ್ಲಿ ಸ್ಕೀ ಒಕ್ಕೂಟದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಬದಿಗೆ ವಾಲಿತು. ಒಕ್ಕೂಟ ತಟಸ್ಥರಿಗೂ ಸಾರಾಸಗಟಾಗಿ ಬಾಗಿಲು ಮುಚ್ಚಿತ್ತು. ಷರತ್ತು ಪೂರೈಸುವ ವ್ಯಕ್ತಿಗಳನ್ನು ಹಾಗೆ ತಡೆಯುವಂತಿಲ್ಲ ಎಂದು ತೀರ್ಪು ಬಂತು. ಎರಡನ್ನೂ ಜೊತೆಗಿಟ್ಟು ಓದಿದರೆ 1992ರ ಸೂತ್ರವೇ ಮತ್ತೆ ಕಾಣುತ್ತದೆ.

ಆ ನ್ಯಾಯಾಲಯವೇ ನಿಷ್ಪಕ್ಷಪಾತವೇ? ಅದನ್ನು ನಡೆಸುವವರು ಕ್ರೀಡಾ ಸಂಸ್ಥೆಗಳವರೇ ಅಲ್ಲವೇ?

ಅನುಮಾನ ಹಳೆಯದು, ಸಕಾರಣವೂ ಹೌದು. 1984ರಲ್ಲಿ ಇದನ್ನು ಹುಟ್ಟುಹಾಕಿದ್ದು ಐಒಸಿ. ಒಂದು ಪ್ರಕರಣದಲ್ಲಿ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಈ ನಂಟಿನ ಬಗ್ಗೆ ಎಚ್ಚರಿಸಿದ ಮೇಲೆ 1994ರಲ್ಲಿ ಪ್ರತ್ಯೇಕ ಮಂಡಳಿಯ ಕೈಗೆ ಕೊಟ್ಟರು. ಆಟಗಾರನಿಗೆ ಇಲ್ಲಿ ಆಯ್ಕೆಯೇ ಇಲ್ಲ. ಸ್ಪರ್ಧಿಸಬೇಕಾದರೆ ಇದರ ಅಧಿಕಾರವನ್ನು ಒಪ್ಪಲೇಬೇಕು, ಮೇಲ್ಮನವಿಗೆ ಸ್ವಿಸ್ ನ್ಯಾಯಾಲಯದಲ್ಲಿ ಸಿಗುವ ಅವಕಾಶ ಬಹಳ ಕಿರಿದು.

2025ರ ಬೇಸಿಗೆಯಲ್ಲಿ ಯುರೋಪಿನ ಎರಡು ದೊಡ್ಡ ನ್ಯಾಯಾಲಯಗಳು ಇದನ್ನು ಅಲುಗಾಡಿಸಿದವು. ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಅವರ ಪ್ರಕರಣದಲ್ಲಿ, ಸಿಎಎಸ್ ತೀರ್ಪಿನ ವಿರುದ್ಧ ಸ್ವಿಸ್ ನ್ಯಾಯಾಲಯದಲ್ಲಿ ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಎಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಜುಲೈ 10ರಂದು ಸ್ವಿಟ್ಜರ್ಲೆಂಡ್ ವಿರುದ್ಧ ತೀರ್ಪಿತ್ತಿತು. ಆಗಸ್ಟ್ 1ರಂದು, ಬೆಲ್ಜಿಯಂನ ಸೆರೈಂಗ್ ಎಂಬ ಫುಟ್‌ಬಾಲ್ ಕ್ಲಬ್ ಹೂಡಿದ ಮೊಕದ್ದಮೆಯಲ್ಲಿ, ಸಿಎಎಸ್ ತೀರ್ಪುಗಳನ್ನು ಯುರೋಪಿಯನ್ ಒಕ್ಕೂಟದ ದೇಶಗಳ ನ್ಯಾಯಾಲಯಗಳು ಒಕ್ಕೂಟದ ಮೂಲ ಕಾನೂನಿಗೆ ಹೊಂದುತ್ತವೆಯೇ ಎಂದು ಆಳವಾಗಿ ಪರಿಶೀಲಿಸಲು ಸಾಧ್ಯವಿರಬೇಕು ಎಂದು ಲಕ್ಸೆಂಬರ್ಗ್‌ನಲ್ಲಿರುವ ಆ ಒಕ್ಕೂಟದ ನ್ಯಾಯಾಲಯ ಹೇಳಿತು. ಸೆಮೆನ್ಯಾ ಅವರ ಓಟದ ವರ್ಷಗಳು ಆ ಹೊತ್ತಿಗೆ ಮುಗಿದಿದ್ದವು. ಮುಂದೆ ಬರುವವರಿಗೆ ಆ ಗೆಲುವು ಬಹಳ ದೊಡ್ಡದು.

ಇದರ ಹಿಂದೆ ಹಣದ ಲೆಕ್ಕವಿಲ್ಲವೇ?

ಇದೆ. ರಷ್ಯಾದ ಅನಿಲ ಕಂಪನಿ ಗಾಜ್‌ಪ್ರೋಮ್ ವರ್ಷಗಳ ಕಾಲ ಚಾಂಪಿಯನ್ಸ್ ಲೀಗ್‌ನ ಪ್ರಾಯೋಜಕನಾಗಿತ್ತು. ಜರ್ಮನಿಯ ಶಾಲ್ಕೆ ಕ್ಲಬ್‌ನ ಅಂಗಿಯ ಎದೆಯ ಮೇಲೂ ಅದರ ಹೆಸರಿತ್ತು. ಯುದ್ಧ ಶುರುವಾದ ವಾರದೊಳಗೆ ಎರಡೂ ಒಪ್ಪಂದಗಳು ಬಿದ್ದುಹೋದವು. ಕ್ರಿಮಿಯಾ ಕೈತಪ್ಪಿದ 2014ರಿಂದ 2022ರವರೆಗೆ ಆ ಹಣ ಯಾರಿಗೂ ಭಾರವಾಗಲಿಲ್ಲ ಎಂಬುದು ಯುರೋಪಿನ ಫುಟ್‌ಬಾಲ್ ಉತ್ತರಿಸಬೇಕಾದ ಪ್ರಶ್ನೆ.

ಮಕ್ಕಳ ತಂಡಗಳನ್ನೂ ಹೊರಗಿಡಬೇಕೇ?

2023ರ ಸೆಪ್ಟೆಂಬರ್‌ನಲ್ಲಿ ಯುಇಎಫ್‌ಎ ರಷ್ಯಾದ 17 ವರ್ಷದೊಳಗಿನ ತಂಡಗಳನ್ನು ಮರಳಿ ಸೇರಿಸಿಕೊಳ್ಳಲು ಹೊರಟಿತು. ದೊಡ್ಡವರ ತಪ್ಪಿಗೆ ಮಕ್ಕಳು ಹೊಣೆಯಲ್ಲ ಎಂಬುದು ಅದರ ಮಾತು. ಇಂಗ್ಲೆಂಡ್, ಪೋಲೆಂಡ್, ಸ್ವೀಡನ್ ಸೇರಿದಂತೆ ಹಲವು ಒಕ್ಕೂಟಗಳು ನಾವು ಆಡುವುದಿಲ್ಲ ಎಂದದ್ದರಿಂದ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಇಲ್ಲಿ ನನ್ನ ಮನಸ್ಸು ಮಕ್ಕಳ ಕಡೆಗೇ. ರಾಷ್ಟ್ರದ ಹೆಸರು, ಧ್ವಜ ಇಲ್ಲದ ಸ್ಪರ್ಧೆಗಳಲ್ಲಿ ಅವರು ಆಡಲಿ. ಆದರೆ ಖಾರ್ಕಿವ್‌ನ ಮಕ್ಕಳು ಮೆಟ್ರೊ ನಿಲ್ದಾಣದ ಅಡಿಯಲ್ಲಿ ಕೂತು ಪಾಠ ಕೇಳಬೇಕಾಗಿ ಬಂದದ್ದನ್ನು ಬದಿಗಿಟ್ಟು ಈ ಉತ್ತರವನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಿಷೇಧ ಎಂದಿಗೆ ಮುಗಿಯಬೇಕು? ಕದನವಿರಾಮ ಆದ ದಿನವೇ?

ದಕ್ಷಿಣ ಆಫ್ರಿಕಾ ಮರಳಿದ ರೀತಿ ಇದಕ್ಕೆ ಒಳ್ಳೆಯ ಮಾದರಿ. ವರ್ಣಭೇದದ ಕಾನೂನುಗಳು ಒಂದೊಂದಾಗಿ ರದ್ದಾದ ಮೇಲೆ 1991ರ ಜುಲೈನಲ್ಲಿ ಐಒಸಿ ಮಾನ್ಯತೆ ಕೊಟ್ಟಿತು. ಆ ನವೆಂಬರ್‌ನಲ್ಲಿ ಅದರ ಕ್ರಿಕೆಟ್ ತಂಡ ಅಂತರರಾಷ್ಟ್ರೀಯ ಕಣಕ್ಕೆ ಹಿಂದಿರುಗಿದ್ದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, ಭಾರತದ ಎದುರು. ಕಾರಣವಾಗಿದ್ದ ಕಾನೂನು ಹೋಯಿತು, ಆದ್ದರಿಂದ ಬಾಗಿಲು ತೆರೆಯಿತು. ಕಾಲ ಕಳೆಯಿತು, ಜನ ಬೇಸತ್ತರು ಎಂಬ ಕಾರಣಕ್ಕೆ ತೆರೆದದ್ದಲ್ಲ.

ರಷ್ಯಾದ ವಿಷಯದಲ್ಲಿ ಈಗ ಕಾಣುತ್ತಿರುವುದು ಬೇಸರದ ತೆರವು. ಪ್ಯಾರಾಲಿಂಪಿಕ್ ಸಮಿತಿಯ ಬಳಿಕ ಜೂಡೊ ಒಕ್ಕೂಟ ಕೂಡ 2025ರ ನವೆಂಬರ್‌ನಲ್ಲಿ ಧ್ವಜ, ರಾಷ್ಟ್ರಗೀತೆಗಳನ್ನು ಮರಳಿಸಿತು. ಆಗ ಯುದ್ಧ ನಡೆಯುತ್ತಲೇ ಇತ್ತು. ವ್ಯಕ್ತಿಗಳಿಗೆ ತಟಸ್ಥರಾಗಿ ಆಡುವ ಅವಕಾಶ ಎಲ್ಲ ಕ್ರೀಡೆಗಳಲ್ಲೂ, ಒಂದೇ ಷರತ್ತಿನ ಮೇಲೆ ಇಂದೇ ಸಿಗಲಿ. ಧ್ವಜಕ್ಕೆ ಮಾತ್ರ ಐಒಸಿ ತಾನೇ ಬರೆದ ಅಳತೆ ಇದೆ: ಡೊನೆಟ್ಸ್ಕ್, ಲುಹಾನ್ಸ್ಕ್, ಖೆರ್ಸನ್, ಜಪೊರಿಜ್ಜಿಯಾದ ಕ್ರೀಡಾ ಸಂಘಗಳನ್ನು ರಷ್ಯಾದ ಸಮಿತಿ ತನ್ನ ಪಟ್ಟಿಯಿಂದ ತೆಗೆಯಬೇಕು. ಅದಾಗುವವರೆಗೆ ಧ್ವಜ ಮರಳಬಾರದು.